ಬಾರದಾನಕ್ಕೆ ಬಂದ ದರ

ನಮ್ಮ ಅಪ್ಪನದು ಸಾಂಗ್ಲಿಯಲ್ಲಿ ಅರಿಸಿನದ ಅಡತಿ ಅಂಗಡಿ, ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವ ಕಸುಬು. ಅಲ್ಲಿ ನಾನು ಮೊದಲು ಕಲಿತ ವ್ಯಾಪಾರದ ಶಬ್ದ ಬಾರದಾನ. ಮಾಲು ತುಂಬುವ ಗೋಣಿಚೀಲಕ್ಕೆ ಆ ಹೆಸರು. ತಕ್ಕಡಿ ಎಷ್ಟೇ ತೋರಿಸಲಿ, ಬಾರದಾನದ ತೂಕ ಕಳೆದು ಉಳಿದದ್ದಕ್ಕಷ್ಟೇ ದರ. ಅಪ್ಪ ಈ ಲೆಕ್ಕವನ್ನು ಮನುಷ್ಯರಿಗೂ ಹಚ್ಚುತ್ತಿದ್ದ. ಬಡಾಯಿ ಕೊಚ್ಚುವ ಗಿರಾಕಿ ಎದ್ದು ಹೋದ ಮೇಲೆ, "ಅಂವಂದು ಬರೇ ಬಾರದಾನ," ಎನ್ನುತ್ತಿದ್ದ.

ಫಾರಿನ್ ಮಾಲು ಆಗತಾನೆ ಪೇಟೆಗೆ ಬರತೊಡಗಿದ್ದ ಕಾಲ. ಮುಂಬೈಗೆ ಹೋಗಿದ್ದ ಅಪ್ಪ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಒಂದನ್ನು ತಂದ. ಅಂಗೈಯಗಲದ ಯಂತ್ರ. ಪುಟ್ಟ ಪರದೆಯಲ್ಲಿ ಮೇಲಿಂದ ಹಣ್ಣು ಬೀಳುತ್ತವೆ, ಕೆಳಗೊಬ್ಬ ಬುಟ್ಟಿ ಹಿಡಿದು ಆಚೆ ಈಚೆ ಓಡುತ್ತಾನೆ. "ಇಬ್ಬರೂ ಕೂಡಿ ಆಡ್ರಿ," ಎಂದು ಅಪ್ಪ ಅದನ್ನು ನನ್ನ ಮತ್ತು ತಂಗಿಯ ನಡುವೆ ಇಟ್ಟ. ಕೂಡಿ ಆಡುವುದೆಂದರೆ ನಾನು ಆಡುವುದು, ಅವಳು ನನ್ನ ಹೆಗಲ ಮೇಲಿಂದ ಇಣುಕುವುದು ಎಂದು ನಾನೇ ಅರ್ಥ ಮಾಡಿಬಿಟ್ಟೆ. ಅವಳು ಕೈ ಚಾಚಿದಾಗಲೆಲ್ಲ ನನ್ನದು ಒಂದೇ ಮಾತು: "ಬ್ಯಾಡ, ಬಟನ್ ಸವೀತಾವ."

ಕಡೆಗೆ ಅವಳು ಅದರ ರಟ್ಟಿನ ಡಬ್ಬಿಯನ್ನು ಎತ್ತಿಕೊಂಡು ಹೋದಳು. "ಮಾಲ್ ಇವಗ, ಬಾರದಾನ ಇಕಿಗೆ," ಎಂದು ಅಪ್ಪ ನಕ್ಕ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಶಾಲೆಯ ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಹೊದಿಕೆಯನ್ನು ಡಬ್ಬಿಗೆ ತೊಡಿಸಿ, ಒಳಗೆ ತನ್ನ ರಿಬ್ಬನ್ನು, ಪಿನ್ನು ಇಟ್ಟುಕೊಂಡಳು. ಮದುವೆಯಾಗಿ ಮಿರಜಿಗೆ ಹೋಗುವಾಗಲೂ ಅದನ್ನು ಒಯ್ದಳೆಂದು ನನಗೆ ಗೊತ್ತಿತ್ತು. ಅದರ ಬಗ್ಗೆ ಮತ್ತೆ ಯೋಚಿಸಿದ್ದು ಅಂಗಡಿ ನನ್ನ ಕೈಗೆ ಬಂದು, ತಲೆ ಅರ್ಧ ನರೆತ ಮೇಲೆ.

ಹಳೆಯ ಆಟದ ಸಾಮಾನಿಗೆ ಗಿರಾಕಿಗಳಿದ್ದಾರೆಂದು ಕೇಳಿ, ಕಪಾಟಿನಿಂದ ಗೇಮ್ ತೆಗೆದು, ಹೊಸ ಸೆಲ್ ಹಾಕಿ, ಫೋನಿನಲ್ಲಿ ಹಳೆ ಸಾಮಾನು ಮಾರುವ ಆ್ಯಪಿಗೆ ಅದರ ಫೋಟೋ ಹಾಕಿದೆ. ಪುಣೆಯಿಂದ ಒಬ್ಬ ಸಂಗ್ರಾಹಕ ಫೋನ್ ಮಾಡಿದ. ಅವನ ಮೊದಲ ಪ್ರಶ್ನೆಯೇ, "ಖೋಕಾ ಆಹೇ ಕಾ?" ಡಬ್ಬಿ ಇದೆಯೇ? ಯಂತ್ರ ಎಷ್ಟೋ ಮನೆಗಳಲ್ಲಿ ಸಿಗುತ್ತದೆ, ಡಬ್ಬಿಯನ್ನು ಮಾತ್ರ ಜನ ಮರುದಿನವೇ ಬಿಸಾಕಿರುತ್ತಾರೆ ಎಂದು ಅವನು ತಿಳಿಸಿ ಹೇಳಿದ. ಮೂಲ ಡಬ್ಬಿ, ಒಳಗಿನ ಥರ್ಮೋಕೋಲು, ಆಡುವ ಬಗೆ ಹೇಳುವ ಚೀಟಿ, ಮೂರೂ ಇದ್ದರೆ ದರ ಹಲವು ಪಟ್ಟು. ಬಟನ್ನು ಮಾಸಿರಬಾರದು, ಗೀರು ಬಿದ್ದಿರಬಾರದು ಎಂದೂ ಸೇರಿಸಿದ. ದರ ಕಿವಿಗೆ ಬಿದ್ದ ಮೇಲೆ ಅಡತಿಯವನ ಮಗನಿಗೆ ಎಲ್ಲಿಯ ಸಮಾಧಾನ? ಆ ಭಾನುವಾರವೇ ಗೇಮನ್ನು ಚೀಲದಲ್ಲಿಟ್ಟುಕೊಂಡು ಮಿರಜಿಗೆ ಹೊರಟೆ.

ತಂಗಿ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುತ್ತಾಳೆ, ರವಿಕೆ ಹೊಲಿಯುತ್ತಾಳೆ. "ಆ ಡಬ್ಬಿ ಇನ್ನಾ ಐತೇನು?" ಎಂದೆ.

"ಐತಲ್ಲ ದಾದಾ. ದಿನಾ ಕೈಯಾಗ ಇರತೈತಿ."

ಹೊಲಿಗೆ ಯಂತ್ರದ ಪಕ್ಕದಿಂದ ತಂದಳು. ಮೂಲೆ ಮುರಿದಿರಲಿಲ್ಲ, ಬಣ್ಣ ಹೋಗಿರಲಿಲ್ಲ. ದಾರದ ಉಂಡೆ, ಹುಕ್ಕಿನ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದಿಟ್ಟಳು. ತಳದಲ್ಲಿ ಆಡುವ ಬಗೆಯ ಚೀಟಿಯೂ ಹಾಗೇ ಇತ್ತು. ಥರ್ಮೋಕೋಲಿನ ಸುತ್ತಲಿನ ಸಂದುಗಳೆಲ್ಲ ತುಂಬಿದ್ದವು, ಯಂತ್ರ ಕೂರುವ ನಡುವಿನ ತಗ್ಗು ಮಾತ್ರ ಖಾಲಿ.

"ಇಲ್ಲಿ ಯಾಕ ಏನೂ ಇಟ್ಟಿಲ್ಲ?"

"ಅದು ಅದರ ಜಾಗಾ. ನೀ ಎಂದಾದ್ರೂ ತಂದೀ ಅಂತ ಬಿಟ್ಟೇನಿ."

ನನಗೆ ಮುಖ ಎತ್ತಲಾಗಲಿಲ್ಲ. ಗಡಿಬಿಡಿಯಲ್ಲಿ ಸಂಗತಿಯನ್ನೆಲ್ಲ ಹೇಳಿ, "ಬಂದದ್ದರಾಗ ಅರ್ಧಾ ನಿನಗ," ಎಂದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಪ್ಪಾ ಇರಬೇಕಾಗಿತ್ತು ನೋಡು. ಬಾರದಾನಕ್ಕ ರೇಟ್ ಬಂತು." ಆಮೇಲೆ ನಾನು ಚೀಲದಿಂದ ತೆಗೆದ ಗೇಮನ್ನು ನೋಡಿ, "ರೊಕ್ಕಾ ನನಗ ಬ್ಯಾಡ. ಒಮ್ಮೆ ಆಡಿ ನೋಡ್ಲೇನು?" ಎಂದು ಕೈ ಚಾಚಿದಳು.

"ಬ್ಯಾಡ, ಬಟನ್ ಸವೀತಾವ."

ಹುಟ್ಟುಗುಣ ಸುಟ್ಟರೂ ಹೋಗದು. ಮಾತು ಬಾಯಿ ದಾಟಿದ ಮೇಲೆ ನನಗೇ ಕೇಳಿಸಿತು. ತಗೋ, ಆಡು ಎನ್ನಲು ಆಗಲೂ ವೇಳೆಯಿತ್ತು. ನಾನು ಅನ್ನಲಿಲ್ಲ. ಗಿರಾಕಿ ಹೇಳಿದ ಗೀರೇ ನನ್ನ ಕಣ್ಣ ಮುಂದಿತ್ತು.

"ಹೌದ ಬಿಡು, ಮಾರೋ ಮಾಲು," ಎಂದು ಅವಳೇ ನನಗೊಂದು ನೆಪ ಕೊಟ್ಟಳು. ಬದಿ ಹಿಡಿದು, ಬಟನ್ನಿಗೆ ಬೆರಳು ತಾಗದಂತೆ, ಅದನ್ನು ತಗ್ಗಿನಲ್ಲಿ ಕೂರಿಸಿದಳು. ಸರಿಯಾಗಿ ಕೂತಿತು. ತನ್ನ ದಾರ, ಹುಕ್ಕುಗಳನ್ನು ಸ್ಟೀಲ್ ಡಬ್ಬಿಗೆ ಸುರಿದುಕೊಂಡು ಚಹಾಕ್ಕಿಟ್ಟಳು. ಚಹಾ ಕುಡಿದು ಹೊರಡುವಾಗ ಕತ್ತಲಾಗಿತ್ತು. ಹಿಂದೆ ಹೊಲಗಳಿದ್ದ ದಾರಿಯುದ್ದಕ್ಕೂ ಈಗ ಶೋರೂಮುಗಳು. ಅವುಗಳ ದೀಪದ ಬೆಳಕಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಊರಿಗೆ ಬರುವವರೆಗೂ ಅದು ಭಾರವೆನಿಸಿತು.

ಪುಣೆಯವನು ಅಂಗಡಿಗೇ ಬಂದ. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಜೋಪಾನ ಮಾಡಿದವರು ಯಾರು ಎಂದು ಮರಾಠಿಯಲ್ಲಿ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನಗೆ. "ಮನೆಯಲ್ಲೇ ಇತ್ತು," ಎಂದೆ. ಒಪ್ಪಿದ ದರಕ್ಕೆ ಅವನು ಚೌಕಾಶಿಯನ್ನೂ ಮಾಡಲಿಲ್ಲ.

ರೊಕ್ಕ ಕೊಡುವ ಮೊದಲು, ನಡೆಯುತ್ತದೆಯೇ ನೋಡುತ್ತೇನೆಂದು ಗೇಮನ್ನು ತಗ್ಗಿನಿಂದ ಎತ್ತಿದ. ಅರಿಸಿನದ ಚೀಲಕ್ಕೆ ಒರಗಿ ನಿಂತು, ಎರಡೂ ಹೆಬ್ಬೆರಳಿನಿಂದ ಬಟನ್ ಒತ್ತುತ್ತಾ, ಹಣ್ಣು ತಪ್ಪಿದಾಗೆಲ್ಲ ನಗುತ್ತಾ, ಪೂರ್ತಿ ಒಂದಾಟ ಆಡಿದ. ಮತ್ತೊಂದಾಟ ಆಡಿದ. ನಾನು ಎದುರಿಗೇ ನಿಂತಿದ್ದೆ. ಬಟನ್ ಸವೆಯುತ್ತವೆ ಎಂದು ಅವನಿಗೆ ಹೇಳಲಿಲ್ಲ.