ತಾಳಪ್ಪನ ಸೊಳ್ಳೆಬತ್ತಿ

ಜಂಗಮಕೋಟೆ ಕಡೆ ಆವಲಪ್ಪ ಎಂದರೆ ಯಾವ ಆವಲಪ್ಪ ಎಂದು ತಿರುಗಿ ಕೇಳುವವರುಂಟು. ತಾಳಪ್ಪ ಎಂದರೆ ಸಾಕು, ಬೀದಿಯಲ್ಲಿ ಆಡುವ ಮಕ್ಕಳೂ ಮನೆ ತೋರಿಸುತ್ತಾರೆ. ಒಕ್ಕಲು ಪಕ್ಷದ ಸಭೆಯಲ್ಲಿ ಯಾರಾದರೂ ಎದ್ದು ರಸ್ತೆ ತಡೀಬೇಕು, ಬೀಗ ಜಡೀಬೇಕು ಎಂದು ತೋಳು ಮಡಿಸಿದರೆ, ಈ ಮನುಷ್ಯ ಹೆಗಲ ಮೇಲಿನ ಹಸಿರು ಟವೆಲ್ ಸರಿಮಾಡಿಕೊಂಡು, "ತಾಳ್ರಪ್ಪ, ಅವರ ಮಾತೂ ಒಂದು ಕೇಳಣ" ಎನ್ನುತ್ತಿದ್ದ. ಹಾಗೆ ಅಂದೂ ಅಂದೂ ಆ ಹೆಸರೇ ನಿಂತುಬಿಟ್ಟಿತು.

ಅವನ ಹೆಂಡತಿ ಲಕ್ಷ್ಮೀನರಸಮ್ಮ ಸೊಸೆಯಾಗಿ ಬಂದ ವರ್ಷವೇ ಅವನು ಪಕ್ಷ ಸೇರಿದ್ದು. ಮದುವೆಯ ಚಪ್ಪರ ಬಿಚ್ಚುವ ಮೊದಲೇ ಅದರ ಕೆಳಗೆ ಪಕ್ಷದ ಸಭೆ ಸೇರಿತ್ತು. "ನಿನ್ನ ಜೊತೆಗೇ ಸವತೀನೂ ಬಂದ್ಲು ಕಣೇ" ಎಂದು ಪಕ್ಕದ ಮನೆಯ ಅಕ್ಕಯಮ್ಮ ಅಂದು ಆಡಿದ ಮಾತನ್ನು ಮೂವತ್ತೆಂಟು ವರ್ಷವಾದರೂ ಬಿಟ್ಟಿಲ್ಲ.

ಲಕ್ಷ್ಮೀನರಸಮ್ಮನ ಓದು ಮೂರನೇ ಕ್ಲಾಸಿಗೆ ನಿಂತಿತ್ತು. ಕಿವಿ ನಿಂತಿರಲಿಲ್ಲ. ಅವಳು ಒಂದು ಸಭೆಗೂ ಹೋದವಳಲ್ಲ, ಬಾಗಿಲ ಹಿಂದೆ ನಿಂತೇ ಎಲ್ಲ ಕೇಳಿಸಿಕೊಂಡವಳು. ಟೀ ಲೋಟಗಳು ಖಾಲಿಯಾಗಿ ವಾಪಸು ಬಂದರೆ ಮಾತು ಕೂಡಿತು ಎಂದು ಅವಳ ಲೆಕ್ಕ. ತುಂಬಿದಂತೆಯೇ ಆರಿಹೋಗಿ ಬಂದರೆ ಜಗಳ.

ಹೀಗೆ ಲೋಟ ತೊಳೆಯುತ್ತಲೇ ಅವಳು ಗಂಡನ ರಾಜಕೀಯವನ್ನೆಲ್ಲ ಕಂಡಳು. ತಾಲ್ಲೂಕು ಪಂಚಾಯಿತಿಗೆ ಅವನು ಮೂರು ಸಲ ನಿಂತ. ಮೊದಲ ಸಲ ಸೋತ, ಎರಡನೇ ಸಲ ಗೆದ್ದ, ಮೂರನೇ ಸಲ ಮತ್ತೆ ಸೋತ. ಗೆದ್ದ ಐದು ವರ್ಷದಲ್ಲಿ ಊರಿಗೆ ಬೆಳಗಿನ ಬಸ್ಸು ಬಂತು, ಡೇರಿಗೊಂದು ಸೂರು ಬಂತು. ಒಂದು ಸಲ ಹಾಲಿನ ದರದ ತಕರಾರಿನಲ್ಲಿ ಹುಡುಗರು ಕ್ಯಾನುಗಳನ್ನು ರಸ್ತೆಗೆ ಸುರಿಯಲು ಹೊರಟಿದ್ದರು. "ಸುರೀರಿ. ಆದ್ರೆ ಮೊದ್ಲು ನಿಮ್ಮನೆ ಹಸು ಎದುರಿಗೆ ನಿಂತು ಹೇಳಿ ಬನ್ನಿ" ಎಂದ. ಯಾರೂ ಹೋಗಲಿಲ್ಲ. ಅದೇ ಹಾಲಿಗೆ ಅಕ್ಕಿ ಹಾಕಿ ಪಾಯಸ ಮಾಡಿಸಿ, ಡೇರಿಯ ಅಧಿಕಾರಿಯನ್ನೂ ಪಂಕ್ತಿಯಲ್ಲಿ ಕೂರಿಸಿ, ಎರಡನೇ ಸಲ ಬಡಿಸುವಾಗ ಮಾತು ತೆಗೆದ. ಕೆಲಸ ಆಯಿತು.

ಆಗದ ಕೆಲಸಗಳೂ ಇದ್ದವು. ಕೆರೆ ಕಾಲುವೆಯ ವಿಷಯದಲ್ಲಿ ಏಳು ವರ್ಷ ತಾಳಿ ಎಂದ. ಕಾಲುವೆ ಇವತ್ತಿಗೂ ಹೂಳು ತುಂಬಿಕೊಂಡೇ ಇದೆ.

ಮೂರನೇ ಚುನಾವಣೆ ಸೋತ ಮೇಲೆ ಪಕ್ಷ ಅವನನ್ನು ತಾಲ್ಲೂಕು ಅಧ್ಯಕ್ಷನನ್ನಾಗಿ ಮಾಡಿತ್ತು. ಅದಕ್ಕೆ ಸಂಬಳವಿಲ್ಲ, ಸಾರಿಗೆಯಿಲ್ಲ. ಶಿಡ್ಲಘಟ್ಟದ ಕಚೇರಿಯಲ್ಲಿ ಒಂದು ಕಬ್ಬಿಣದ ಕುರ್ಚಿ, ಅಷ್ಟೆ. ಆದರೆ ಹದಿನಾಲ್ಕು ವರ್ಷ ಕೂತ ಕುರ್ಚಿ. ಅದರ ಮೇಲೆ ಗಂಡನಿಗೆ ಎಷ್ಟು ಆಸೆ ಎನ್ನುವುದು ಲಕ್ಷ್ಮೀನರಸಮ್ಮನಿಗೆ ಗೊತ್ತಿತ್ತು. ಸಭೆಯ ದಿನ ಅವನು ಶರ್ಟಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಮಗಳ ಮದುವೆಗೂ ಹಾಕಿಕೊಂಡಿರಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ವಾರ ಆ ಕುರ್ಚಿ ಅಲುಗಾಡಿತು. ಭಾನುವಾರ ಹೊಸ ಅಧ್ಯಕ್ಷರ ಆಯ್ಕೆ. ಗುರುವಾರ ಸಂಜೆಯೇ ಅದೇ ಊರಿನ ಮಧುಕುಮಾರ್ ಹತ್ತು ಜನರನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತ. ಮೂವತ್ತೈದರ ಆಳು, ಆವಲಪ್ಪನ ಹಾಗೆ ಅವನೂ ರೇಷ್ಮೆ ಹುಳ ಸಾಕುವವನೇ. ಮೈಕು ಹಿಡಿದರೆ ಪೇಟೆ ತಿರುಗಿ ನೋಡಬೇಕು, ಅಂಥ ಗಂಟಲು. ಅವನ ಸಿಟ್ಟೂ ಸುಳ್ಳಲ್ಲ. ಹೋದ ಕಾರ್ತೀಕದಲ್ಲಿ ಅವನ ಒಂದು ಬೆಳೆ ಹುಳ ಪೂರ್ತಿ ಸತ್ತಿತ್ತು. ಪಕ್ಕದ ದ್ರಾಕ್ಷಿ ತೋಟದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತಿದೆ ಎಂದು ಅವನು ಅಂದ. ಆವಲಪ್ಪನ ಹಿತ್ತಿಲ ಬದುವಿಗೂ ತಾಗಿದ್ದ ಆ ತೋಟ ನಿವೃತ್ತ ಮೇಷ್ಟ್ರು ಚೆನ್ನಕೇಶವ ಅವರದು. ಅವರು ಇಲ್ಲ ಎಂದರು. ಆವಲಪ್ಪ ಎಂದಿನಂತೆ ತಾಳ್ರಪ್ಪ ಎಂದಿದ್ದ.

"ಅಣ್ಣ, ನೀವು ದೊಡ್ಡೋರು. ನೀವಾಗೇ ಬಿಟ್ಕೊಟ್ರೆ ಮರ್ಯಾದೆ" ಎಂದು ಮಧುಕುಮಾರ್ ಕೇಳಿದಾಗ ಲಕ್ಷ್ಮೀನರಸಮ್ಮ ಮನೆಯಲ್ಲಿರಲಿಲ್ಲ. ಟೀ ಕಾಸಿಟ್ಟು ಡೇರಿಗೆ ಹಾಲು ಹಾಕಲು ಹೋಗಿದ್ದಳು. ಹಿತ್ತಿಲ ಕಡೆಯಿಂದ ಒಳಗೆ ಬಂದಾಗ ಹನ್ನೊಂದು ಲೋಟ ತುಂಬಿದಂತೆಯೇ ಆರಿದ್ದವು.

ಶುಕ್ರವಾರ ಬೆಳಗ್ಗೆ ಹುಳದ ಮನೆಯ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಕೊನೆಯ ಜ್ವರ ಎದ್ದ ಹುಳ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಹೊಟ್ಟೆಬಾಕರಾಗಿ ಸೊಪ್ಪು ತಿನ್ನುವ ಹುಳ. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿತ್ತು. ಅವು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯೇ ಮುದುಡಿ ಬಿದ್ದಿತ್ತು. ಮಂಕರಿಯಲ್ಲಿ ತುಂಬಿ ತಿಪ್ಪೆಯ ಹತ್ತಿರ ಗುಂಡಿಗೆ ಹಾಕುವಾಗ ಅವಳ ಕೈಯೇ ಅವಳಿಗೆ ಭಾರವಾಯಿತು.

ಸುದ್ದಿ ಕೇಳಿ ಮಧುಕುಮಾರ್ ಓಡಿ ಬಂದ. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದ. "ನಮ್ಮನೇಲಿ ಆಗಿದ್ದೂ ಇದೇ. ಬುಧವಾರ ಮೇಷ್ಟ್ರು ಔಷಧಿ ಹೊಡ್ದಿದ್ದನ್ನ ಊರೆಲ್ಲಾ ನೋಡಿದೆ. ಅಧ್ಯಕ್ಷರ ಹುಳಕ್ಕೇ ಹಿಂಗಾದ್ರೆ ಮಿಕ್ಕೋರ ಗತಿ ಏನಣ್ಣ?"

ಆವಲಪ್ಪ ಬಾಗಿ ನೆಲಕ್ಕೆ ಬಿದ್ದಿದ್ದ ಹುಳವೊಂದನ್ನು ಎತ್ತಿ ಮಂಕರಿಗೆ ಹಾಕಿದ.

"ನಾಳೆ ಬೆಳಗ್ಗೆ ಎಲ್ಲಾರೂ ಸೇರ್ತೀವಿ. ಆ ತೋಟದ ಕಂಬ ಒಂದೂ ನಿಲ್ಲಬಾರ್ದು. ಮುಂದೆ ನೀವು ನಡೀರಿ. ಭಾನುವಾರ ನಿಮ್ಮೆದುರಿಗೆ ಯಾರೂ ನಿಲ್ಲಲ್ಲ. ನಾನೂ ನಿಲ್ಲಲ್ಲ."

ಲಕ್ಷ್ಮೀನರಸಮ್ಮ ತಾಳ್ರಪ್ಪ ಎನ್ನುವ ಗಂಡನ ಮಾತಿಗೆ ಕಾದಳು. ಬರಲಿಲ್ಲ. ಗಂಡ ಟವೆಲ್‌ನಿಂದ ಮುಖ ಒರೆಸಿಕೊಂಡು, "ಬರ್ತೀನಿ" ಎಂದ. ಇಷ್ಟು ವರ್ಷದಲ್ಲಿ ಅವನು ತಾಳಿ ಎನ್ನದೇ ಹೋದದ್ದು ಅದೇ ಮೊದಲು. ಅವಳಿಗೆ ಹೆದರಿಕೆಯಾಯಿತು. ಜೊತೆಗೆ, ಕಿತ್ತರೆ ಕೀಳಲಿ ಎಂದೂ ಅನ್ನಿಸಿತು. ಸತ್ತದ್ದು ಅವಳು ಇಪ್ಪತ್ತು ದಿನ ಉಣಿಸಿದ ಹುಳ.

ಆದರೂ ಒಂದು ವಿಷಯ ತಲೆಯನ್ನು ಕೊರೆಯುತ್ತಿತ್ತು. ಒಂದೇ ತೋಟದ ಸೊಪ್ಪು, ಒಂದೇ ಹೊರೆ. ಕಿಟಕಿ ಕಡೆಯ ತಟ್ಟೆಗಳೆಲ್ಲ ಸತ್ತವು. ಆಚೆ ಗೋಡೆಯ ಕಡೆಯ ನಾಲ್ಕು ತಟ್ಟೆ ಹುಳ ಮಾತ್ರ ಮಳೆ ಹನಿ ಬಿದ್ದ ಸದ್ದಿನಲ್ಲಿ ಕರಕರ ತಿನ್ನುತ್ತಲೇ ಇದ್ದವು. ವಿಷ ಸೊಪ್ಪಿನಲ್ಲಿದ್ದರೆ ಇವು ಹೇಗೆ ಉಳಿದವು?

ಉತ್ತರ ಶನಿವಾರ ಬೆಳಗ್ಗೆ ಪೊರಕೆಗೆ ಸಿಕ್ಕಿತು. ಜಗಲಿಯ ಕೊನೆಯಲ್ಲಿ, ಹುಳದ ಮನೆಯ ಕಿಟಕಿಯ ನೇರಕ್ಕೆ ಕೆಳಗೆ, ಒಂದು ಪುಟ್ಟ ತಗಡಿನ ಕಾಲು. ಅದರ ಸುತ್ತ ಸುರುಳಿಯಾಗಿ ಬಿದ್ದ ಬೂದಿ. ಅವಳು ಪೊರಕೆ ಒರಗಿಸಿ ಕುಕ್ಕರುಗಾಲಲ್ಲಿ ಕೂತಳು. ಸೊಳ್ಳೆಬತ್ತಿ. ಹುಳ ಸಾಕುವ ಮನೆಯವರು ಅಂಗಡಿಯಲ್ಲಿ ಅದರ ಪಕ್ಕ ನಿಂತರೂ ಕೈ ತೊಳೆಯುತ್ತಾರೆ. ಸೊಳ್ಳೆಯನ್ನು ಕೊಲ್ಲುವ ಹೊಗೆ ರೇಷ್ಮೆ ಹುಳವನ್ನು ಬಿಡುತ್ತದೆಯೇ? ನೆಗಡಿಯಿಂದ ಮೂಗು ಕಟ್ಟಿದ್ದ ಅವಳಿಗೆ ಗುರುವಾರ ವಾಸನೆಯೇ ತಿಳಿದಿರಲಿಲ್ಲ.

ಅದನ್ನು ತಂದು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನ ಅಂಗೈಯಲ್ಲಿಟ್ಟಳು.

"ಇದನ್ನ ಹಚ್ಚಿದ್ಯಾರು?"

ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ನಾನೇ. ಮಧು ಜೊತೆ ಬಂದೋರು ಕಾಲು ಕಾಲು ಹೊಡ್ಕೊತಿದ್ರು. ಅಕ್ಕಯಮ್ಮನ ಮನೆಯಿಂದ ಈಸ್ಕೊಂಡು ಬಂದೆ. ಮಾತಿನ ಬಿಸೀಲಿ ಬೇರೆ ಯಾರೂ ಅದರ ಕಡೆ ನೋಡ್ಲಿಲ್ಲ. ಆ ಕಿಟಕಿ ಯಾವಾಗ್ಲೂ ಮುಚ್ಚೇ ಇರುತ್ತಲ್ಲ ನರಸಮ್ಮ?"

ವರ್ಷದ ಮೊದಲ ಸೆಕೆ ಎಂದು ಗುರುವಾರ ಮಧ್ಯಾಹ್ನ ಆ ಕಿಟಕಿ ತೆಗೆದವಳು ಅವಳೇ.

ಹೊರಗೆ ಆಗಲೇ ಜನ ಸೇರುವ ಸದ್ದು. ಆವಲಪ್ಪ ತಗ್ಗಿದ ದನಿಯಲ್ಲಿ, "ಮೇಷ್ಟ್ರು ಬುಧವಾರ ಔಷಧಿ ಹೊಡ್ದಿದ್ದಂತೂ ನಿಜ" ಎಂದ.

"ನಿಜಾನೇ. ಗೋಡೆ ಕಡೆ ಹುಳ ಬದುಕಿರೋದೂ ನಿಜಾನೇ."

ಅವನು ತಗಡಿನ ಕಾಲನ್ನು ಜೇಬಿಗೆ ಹಾಕಿಕೊಂಡು ಹೊರಟ. ಏನು ಮಾಡುತ್ತಾನೆ ಎಂದು ಅವಳಿಗೆ ತಿಳಿಯಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುವಷ್ಟು ತಾಳ್ಮೆ ಅವತ್ತು ಅವಳಿಗಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ನಡೆದಳು. ಅಕ್ಕಯಮ್ಮನೂ ಎಲೆಯಡಿಕೆ ಚೀಲದೊಂದಿಗೆ ಸೇರಿಕೊಂಡಳು.

ನಲವತ್ತು ಜನ, ಎಂಟು ಹಾರೆ. ತೋಟದ ಗೇಟಿನ ಒಳಗೆ ಚೆನ್ನಕೇಶವ ಮೇಷ್ಟ್ರು, ಅವರ ಹಿಂದೆ ಹೆಂಡತಿ ವಿಶಾಲಾಕ್ಷಮ್ಮ ಫೋನು ಹಿಡಿದು ನಿಂತಿದ್ದರು. ಚಪ್ಪರದಲ್ಲಿ ಗೊಂಚಲುಗಳು ಬಣ್ಣ ತಿರುಗುತ್ತಿದ್ದವು. ಗೇಟಿನವರೆಗೆ ಹೋದ ಆವಲಪ್ಪ ಅಲ್ಲಿ ತಿರುಗಿ, ಗೇಟಿಗೆ ಬೆನ್ನು ಕೊಟ್ಟು ಜನದ ಕಡೆ ಮುಖ ಮಾಡಿದ. ಜೇಬಿನಿಂದ ತಗಡಿನ ಕಾಲು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ತಾಳ್ರಪ್ಪ" ಎಂದ. "ನನ್ನ ಹುಳ ಸತ್ತಿದ್ದು ಮೇಷ್ಟ್ರ ಔಷಧೀಲಲ್ಲ. ಗುರುವಾರ ನಮ್ಮ ಜಗಲೀಲಿ ನೀವು ಕೂತಿದ್ದಾಗ ನಾನು ಸೊಳ್ಳೆಬತ್ತಿ ಹಚ್ದೆ. ಹುಳದ ಮನೆ ಕಿಟಕಿ ಕೆಳಗೆ. ಕೊಂದೋನು ನಾನೇ."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ನಲ್ವತ್ತು ವರ್ಷ ಹುಳ ಸಾಕಿದೋರು ಸೊಳ್ಳೆಬತ್ತಿ ಹಚ್ತಾರಂತೆ." "ಇವರು ಪಕ್ಷ ಸಾಕ್ತಾರಂತೆ." ನಗು ಗುಂಪಿನುದ್ದಕ್ಕೂ ಹರಿಯಿತು. ಆವಲಪ್ಪ ತಲೆ ತಗ್ಗಿಸಲಿಲ್ಲ, ಆದರೆ ಅವನ ಕಿವಿ ಕೆಂಪಾದದ್ದು ಲಕ್ಷ್ಮೀನರಸಮ್ಮನಿಗೆ ಕಂಡಿತು. ಜನ್ಮದಲ್ಲಿ ಸಭೆಯೊಂದರಲ್ಲಿ ಬಾಯಿ ತೆರೆಯದವಳು ಮುಂದೆ ಬಂದಳು.

"ಕಿಟಕಿ ತೆಗ್ದಿದ್ದು ನಾನು. ಬೈಯೋದಾದ್ರೆ ಇಬ್ರಿಗೂ ಸೇರಿಸಿ ಬೈರಿ."

"ನಿನ್ನ ಸವತಿಗೋಸ್ಕರ ಹಚ್ಚಿದ ಬತ್ತಿ ಕಣೇ ಅದು" ಎಂದಳು ಅಕ್ಕಯಮ್ಮ. ಈ ಸಲದ ನಗುವಿನಲ್ಲಿ ಮುಳ್ಳಿರಲಿಲ್ಲ.

ಮಧುಕುಮಾರ್ ನಗಲಿಲ್ಲ. ಹಾರೆಯನ್ನು ನೆಲಕ್ಕೆ ಊರಿದ. "ಈ ಸಲದ್ದು ಬತ್ತಿ, ಒಪ್ಕೊಂಡೆ. ಹೋದ ಕಾರ್ತೀಕದಲ್ಲಿ ನನ್ನ ಹುಳ ಸತ್ವಲ್ಲ, ಅದಕ್ಕೂ ನಿಮ್ಮ ಬತ್ತೀನೇನಣ್ಣ?"

ಅದು ನ್ಯಾಯವಾದ ಪ್ರಶ್ನೆ. ಆವಲಪ್ಪ ಗೇಟಿನ ಕಡೆ ತಿರುಗಿದ. "ಮೇಷ್ಟ್ರೇ, ನಾನು ನನ್ನದು ಹೇಳ್ದೆ. ನೀವೇನಾದ್ರೂ ಹೇಳೋದಿದ್ಯಾ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಹೆಂಡತಿ ಹಿಂದಿನಿಂದ, "ಹೇಳಿಬಿಡಿ" ಎಂದರು.

"ಆವತ್ತು ಗಾಳಿ ಇತ್ತು" ಎಂದರು ಮೇಷ್ಟ್ರು. "ಆಳುಗಳು ಸಿಕ್ಕಿದ್ದೇ ಆವತ್ತು, ಹೊಡೆಸಿಬಿಟ್ಟೆ. ಮಧು ಸೊಪ್ಪಿನ ಕಡೆ ಹೋಗಿದ್ದನ್ನ ಕಣ್ಣಾರೆ ಕಂಡೆ. ಒಪ್ಕೊಂಡ್ರೆ ತೋಟ ಉಳಿಸಲ್ಲ ಅಂತ ಹೆದರಿ ಇಲ್ಲ ಅಂದೆ. ತಪ್ಪು ನಂದು ಮಧು. ನಾಲ್ಕು ತಿಂಗಳಿಂದ ನಿನ್ನ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಮಧುಕುಮಾರನ ಕೈ ಹಾರೆಯ ಮೇಲೆ ಬಿಗಿಯಾಯಿತು. ಅವನು ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿತದ್ದು ಇದೇ ಮೇಷ್ಟ್ರ ಹತ್ತಿರ. "ಒಂದು ಮಾತು ಆವತ್ತೇ ಹೇಳಿದ್ರೆ ಹೊಸ ಸೊಪ್ಪು ತಂದು ಹಾಕ್ತಿದ್ನಲ್ಲ ಸಾರ್" ಎಂದ. ದನಿಯಲ್ಲಿದ್ದ ಮೈಕು ಕಳಚಿ ಬಿದ್ದಿತ್ತು.

"ಹಂಗಾರೆ ಮುಂದೆ ಮೊದ್ಲೇ ಹೇಳ್ಲಿ" ಎಂದಳು ಲಕ್ಷ್ಮೀನರಸಮ್ಮ. ಒಂದು ಸಲ ಬಾಯಿ ತೆರೆದ ಮೇಲೆ ಎರಡನೇ ಸಲ ಕಷ್ಟವಾಗಲಿಲ್ಲ. "ಹೊಡೆಯೋ ಹಿಂದಿನ ದಿನ ಮೂಲೆ ಕಂಬಕ್ಕೆ ಒಂದು ಬಟ್ಟೆ ಕಟ್ಟಿ. ಬದುವಿನ ಪಕ್ಕದ ಸೊಪ್ಪನ್ನ ನಾವು ಕೊಯ್ದು ಒದ್ದೆ ಗೋಣಿ ಮುಚ್ಚಿ ಇಟ್ಕೊತೀವಿ. ಬೆಳಗ್ಗೆ ಗಾಳಿ ಏಳೋಕೆ ಮುಂಚೆ ನೀವು ಮುಗಿಸಿ."

"ಬದುವಿನ ಕಡೆ ಎರಡು ಸಾಲಿಗೆ ಕೈಪಂಪಲ್ಲೇ ಹೊಡೆಸ್ತೀನಿ" ಎಂದರು ಮೇಷ್ಟ್ರು.

ಎಲ್ಲರೂ ಒಪ್ಪಿದರು ಎಂದಲ್ಲ. ಕೆಲವರು ಗೊಣಗುತ್ತಲೇ ಹೋದರು. ಆದರೆ ಎಂಟು ಹಾರೆಯೂ ಹೆಗಲ ಮೇಲೇ ವಾಪಸು ಹೋದವು.

ಭಾನುವಾರ ಆವಲಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದ. ಸಂಜೆ ಬಸ್ಸಿನಿಂದ ಇಳಿದು ಬಂದಾಗ ಹೆಂಡತಿ ಹುಳದ ಮನೆಯಲ್ಲಿದ್ದಳು. ಉಳಿದ ನಾಲ್ಕು ತಟ್ಟೆಯಲ್ಲಿ ಮುಕ್ಕಾಲು ಪಾಲು ಹುಳ ಹಣ್ಣಾಗಿತ್ತು. ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು. ಹಣ್ಣು ಹುಳ ಯಾರಿಗೂ ಕಾಯುವುದಿಲ್ಲ. ಅವಳು ಒಂದೊಂದನ್ನೇ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು.

"ಕುರ್ಚಿ?" ಎಂದಳು, ತಲೆ ಎತ್ತದೆ.

"ಮಧು ಕೂತ. ಅವನಿಗೆ ಐದು ಕೈ ಜಾಸ್ತಿ ಎದ್ವು. ಸೊಳ್ಳೆಬತ್ತಿ ಕಥೆ ನನಗಿಂತ ಮುಂಚೆ ಬಸ್ಸಿಳ್ದಿತ್ತು."

ಅವನು ಶರ್ಟು ಬಿಚ್ಚಿ ಮೊಳೆಗೆ ತಗುಲಿಸಿ ಕೈ ತೊಳೆದುಕೊಂಡು ಪಕ್ಕದಲ್ಲಿ ಕೂತು ತಾನೂ ಹುಳ ಆರಿಸತೊಡಗಿದ. ಇಬ್ಬರೂ ಸೇರಿ ಒಂದು ಚಂದ್ರಿಕೆ ತುಂಬಿಸಿದರು.

"ಕೆಂಚಾರ್ಲಹಳ್ಳಿಯಿಂದ ಆಂಜಿನಮ್ಮ ಅಂತ ಒಬ್ರು ಸಭೆ ನೋಡಕ್ಕೆ ಬಂದಿದ್ರು" ಎಂದ ಆಮೇಲೆ. "ಅವರೂರಲ್ಲಿ ಟೊಮೇಟೊದೋರಿಗೂ ಹುಳದೋರಿಗೂ ಇದೇ ಜಗಳವಂತೆ, ಮಾತೇ ಬಿಟ್ಟವ್ರಂತೆ. ಎಲ್ಲಾ ಮುಗಿದ ಮೇಲೆ ಬಂದು, ಏಮಪ್ಪಾ, ನಲ್ವತ್ತು ಜನದೆದುರು ನಂದೇ ತಪ್ಪು ಅಂದೋನು ನೀನೇನಾ, ನಮ್ಮೂರಿಗೂ ಒಂದ್ಸಲ ಬಾ ಅಂದ್ರು."

"ಹೋಗ್ತೀರಾ?"

"ಬುಧವಾರ. ಮಧೂನೂ ಬರ್ತಾನಂತೆ. ಅಣ್ಣ, ಕುರ್ಚಿ ನಂಗಿರ್ಲಿ, ಮಾತು ನೀವಾಡಿ ಅಂದ." ಅವನ ಮುಖದಲ್ಲಿ ಸಣ್ಣ ನಗು ಸುಳಿಯಿತು. "ನೀನೂ ಬಾ. ಕಂಬಕ್ಕೆ ಬಟ್ಟೆ ಕಟ್ಟೋ ಮಾತು ನಿಂದು ತಾನೇ."

ಲಕ್ಷ್ಮೀನರಸಮ್ಮ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು ಎದ್ದಳು. ಇನ್ನೂ ಹಣ್ಣಾಗದ ಹುಳಕ್ಕೆ ಸೊಪ್ಪು ತರಲು ಮಂಕರಿ ಹಿಡಿದು ಹಿತ್ತಿಲಿಗೆ ಹೋದವಳು ಬದುವಿನ ಹತ್ತಿರ ನಿಂತಳು. ದ್ರಾಕ್ಷಿ ತೋಟದ ಮೂಲೆಯ ಕಲ್ಲುಕಂಬದಲ್ಲಿ ವಿಶಾಲಾಕ್ಷಮ್ಮನವರ ಹಳೇ ಹಳದಿ ಸೀರೆಯ ತುಂಡೊಂದು ಗಾಳಿಗೆ ಆಡುತ್ತಿತ್ತು. ಗಂಟನ್ನು ಎರಡು ಸಲ ಬಿಗಿದಿದ್ದರು. ನಾಳೆ ಔಷಧಿ. ಅವಳು ಒಳಗೆ ಕೂಗಿದಳು.

"ಕುಡುಗೋಲು ತನ್ನಿ. ಬದುವಿನ ಸೊಪ್ಪು ಇವತ್ತೇ ಕೊಯ್ಬೇಕು. ಮಧುಗೂ ಒಂದು ಫೋನು ಮಾಡಿ."