ವೇದಿಕೆಯ ಮೇಲೆ ಎಡಗೈ

ಗೈಡ್ಸ್‌ನಲ್ಲಿ ಕೈ ಕುಲುಕುವುದು ಎಡಗೈಯಿಂದ. ಎಡಗೈಯಲ್ಲಿ ಒಂದು ವೀಳ್ಯದೆಲೆಯನ್ನೂ ಕೊಡದ ನಮ್ಮ ಕಡೆಯ ಹಿರಿಯರಿಗೆ ಇದನ್ನು ಒಪ್ಪಿಸುವಷ್ಟರಲ್ಲಿ ಸಾಕೋ ಸಾಕಾಗುತ್ತದೆ. ಕುಂದಾಪುರದ ಶಾಲೆಯೊಂದರಲ್ಲಿ ಗೈಡ್ಸ್ ದಳ ನೋಡಿಕೊಳ್ಳುವ ಟೀಚರ್ ನಾನು. ಎಡಗೈ ಗುರಾಣಿ ಹಿಡಿಯುವ ಕೈ, ಗುರಾಣಿ ಕೆಳಗಿಟ್ಟು ನೀಡಿದರೆ ನಂಬಿಕೆ ಎಂದರ್ಥ ಎಂದು ಪ್ರತಿ ವರ್ಷ ಪೋಷಕರ ಸಭೆಯಲ್ಲಿ ಹೇಳುತ್ತೇನೆ. ಅವರು ತಲೆಯಾಡಿಸಿ, ಚಾ ಕುಡಿದು ಹೋಗುತ್ತಾರೆ.

ಪಕ್ಕದ ಕೋಡಿ ಊರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಹುಟ್ಟಾ ಎಡಚಿ. ಎಡಗೈಯಲ್ಲಿ ತುತ್ತೆತ್ತಿದರೆ ಅಮ್ಮಮ್ಮ ಆ ಕೈಗೊಂದು ಬಿಗಿಯುತ್ತಿದ್ದರು. ಮೀನು ಮಾರಿ ಮೊಮ್ಮಗಳನ್ನು ಸಾಕಿದವರು. ಎಡಗೈಯಲ್ಲಿ ಮೀನು ಕೊಟ್ಟವಳನ್ನು ಯಾವ ಮನೆಯವರೂ ಮತ್ತೆ ಕರೆಯುವುದಿಲ್ಲ ಎಂದು ನಂಬಿದವರು. ದಳಕ್ಕೆ ಸೇರಿದ ದಿನ ಹುಡುಗಿ ಎಡಗೈಯೇ ಹೌದಾ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಶಾಲೆಯ ಅಂಗಳದಲ್ಲಿ ಕಂಡಕಂಡವರಿಗೆಲ್ಲ ಎಡಗೈ ನೀಡಿದ್ದೇ ನೀಡಿದ್ದು.

ಗಂಟು ಕಟ್ಟಿ, ಡೇರೆ ಹೂಡಿ, ಒಲೆ ಹಚ್ಚಿ, ರಾಜ್ಯ ಮಟ್ಟದ ಪುರಸ್ಕಾರವನ್ನೂ ಗಳಿಸಿದಳು. ಪ್ರದಾನ ಸಮಾರಂಭ ಬ್ರಹ್ಮಾವರದಲ್ಲಿ. ಅವಳಿಗೆ ಪ್ರಮಾಣಪತ್ರದ ಆಸೆ ಅಷ್ಟಿರಲಿಲ್ಲ. ಅಮ್ಮಮ್ಮನ ಕಣ್ಣೆದುರು ತನ್ನ ಎಡಗೈಯನ್ನು ದೊಡ್ಡವರೊಬ್ಬರು ಹಿಡಿದು ಕುಲುಕಬೇಕು, ಅಷ್ಟೇ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿ ನನ್ನ ತಲೆ ತಿಂದಳು.

ಅಮ್ಮಮ್ಮ ಮೊದಲ ಸಾಲಿನಲ್ಲೇ ಕೂತರು. ಭಾಷಣಗಳು ಅಂತೂ ಇಂತೂ ಮುಗಿದವು. ಮಕ್ಕಳು ಒಬ್ಬೊಬ್ಬರಾಗಿ ಸೆಲ್ಯೂಟ್ ಹೊಡೆದು, ಮುಖ್ಯ ಅತಿಥಿಗಳಿಗೆ ಎಡಗೈ ನೀಡಿ ಇಳಿದರು. ನಮ್ಮ ಹುಡುಗಿಯ ಸರದಿ ಬಂತು. ಸೆಲ್ಯೂಟ್ ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಅವಳ ಕಣ್ಣು ಮೊದಲ ಸಾಲಿಗೆ ಹೋಯಿತು, ಬಲಗೈ ಮುಂದೆ ಬಂತು. ಎಡಗೈ ಚಾಚಿದ್ದ ಅತಿಥಿಗಳು ತಡವರಿಸಿ, ಕೊನೆಗೆ ಬೆನ್ನು ತಟ್ಟಿ ಕಳಿಸಿದರು.

ಇಳಿದು ಬಂದವಳನ್ನು ಅಮ್ಮಮ್ಮ ಕೇಳಿದರು: "ಎಲ್ಲ ಮಕ್ಳೂ ಎಡ್ಗೈ ಕೊಟ್ಟೊ, ನೀ ಎಂತಕ್ಕೆ ಬಲ್ಗೈ ಕೊಟ್ಟದ್?"

"ನೀ ಬೈತೆ ಅಂದೇಳಿ."

ಅಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗಳ ಎಡಗೈ ಹಿಡಿದುಕೊಂಡು, ಅತಿಥಿಗಳು ಚಾ ಕುಡಿಯುತ್ತಿದ್ದಲ್ಲಿಗೆ ನಡೆದರು. ತಡೆಯಲು ಹೋದ ನನ್ನನ್ನು ಕ್ಯಾರೇ ಅನ್ನಲಿಲ್ಲ.

"ಹ್ವಾಯ್, ಇಗ ಕಾಣಿ. ನಮ್ಮ್ ಹೆಣ್ ಎಡ್ಚಿ. ಅದಕ್ಕೆ ಇನ್ನೊಂದ್ ಸಲ ಎಡ್ಗೈ ಕೊಡಿ."

ಅತಿಥಿಗಳು ಲೋಟ ಕೆಳಗಿಟ್ಟು, ಎದ್ದು ನಿಂತು ಎಡಗೈ ಚಾಚಿದರು. ಹುಡುಗಿ ಸೆಲ್ಯೂಟ್ ಹೊಡೆದಳು. ಅವಳ ಎಡಗೈ ಮಾತ್ರ ಮುಂದಕ್ಕೆ ಬರಲಿಲ್ಲ. ಅಮ್ಮಮ್ಮ ಅದನ್ನಿನ್ನೂ ಬಿಟ್ಟಿರಲಿಲ್ಲ.