ಹುಲ್ಲಿನ ಮಷೀನು ಸುಮ್ಮನಾದ ಮೇಲೆ

ಠಾಣೆ ಜಿಲ್ಲೆಯ ಬೇಲಾಪುರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಒಂಬತ್ತು ಕಟ್ಟಡಗಳ ನಡುವೆ ಸುಮಾರು ಎರಡು ಎಕರೆ ಹುಲ್ಲುಹಾಸು ಇದೆ. ಹತ್ತೊಂಬತ್ತು ವರ್ಷ ಅದನ್ನು ಕತ್ತರಿಸಿದವನು ಕಾಡಪ್ಪ. ಇಂಡಿ ತಾಲೂಕಿನಿಂದ ಬಂದ ಹೊಸತರಲ್ಲಿ ರಸ್ತೆ ಅಗೆಯುವ ಗ್ಯಾಂಗಿನಲ್ಲಿದ್ದ. ಆಮೇಲೆ ಗಾರ್ಡನ್ ಕಂಟ್ರಾಕ್ಟರನೊಬ್ಬ ಅವನ ಬೆನ್ನಿಗೆ ಪೆಟ್ರೋಲ್ ಮಷೀನು ಕಟ್ಟಿ, ಹಗ್ಗ ಎಳೆದು ಎಂಜಿನ್ ಶುರು ಮಾಡುವುದನ್ನು ಕಲಿಸಿದ. ಅಂದಿನಿಂದ ಅದೇ ಅವನ ಕೆಲಸವಾಯಿತು. ಬೆಳಿಗ್ಗೆ ಮನೆಯಿರುವ ದಿವಾದಿಂದ ಹೊರಟು ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ಬೇಲಾಪುರದಲ್ಲಿ ಇಳಿದರೆ, ಎಂಟೂವರೆಗೆಲ್ಲ ಅವನ ಎಂಜಿನ್ ಸದ್ದು ಸೊಸೈಟಿಯ ಒಂಬತ್ತು ಕಟ್ಟಡಗಳಿಗೂ ಕೇಳುತ್ತಿತ್ತು.

ಬೆನ್ನಿಗೆ ಕಟ್ಟುವ ಎಂಜಿನ್ ಎಂದರೆ ಕಿವಿಯಿಂದ ಒಂದು ಗೇಣು ದೂರ. ಒಮ್ಮೆ ಕಂಟ್ರಾಕ್ಟರ್ ಕಿವಿಗೆ ಹಾಕುವ ದಪ್ಪ ಕವಚ ಕೊಟ್ಟಿದ್ದ. ಮೇ ತಿಂಗಳ ಸೆಕೆಗೆ ಅದರೊಳಗೆ ಬೆವರು ತುಂಬಿ ಹುಣ್ಣಾಯಿತು. ಕಾಡಪ್ಪ ಅದನ್ನು ಪಂಪ್ ರೂಮಿನಲ್ಲಿ ತೆಗೆದಿಟ್ಟ. ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಆಮೇಲೆ ಒಂದಿಷ್ಟು ಹತ್ತಿ ತುರುಕಿಕೊಳ್ಳುತ್ತಿದ್ದ. ಅದೂ ನೆನಪಾದ ದಿನ ಮಾತ್ರ.

ಮೊದಲು ಕಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು ಶುರುವಾಯಿತು. ಬರಬರುತ್ತ ಕುಕ್ಕರಿನ ಸೀಟಿ ಕೇಳುವುದು ನಿಂತಿತು, ಆಮೇಲೆ ಫೋನಿನ ರಿಂಗು. ಒಂದು ಸಂಜೆ ಅವನು ಒಲೆಯ ಪಕ್ಕದಲ್ಲೇ ಕೂತಿದ್ದಾಗ ಹೆಂಡತಿ ಗಿರಿಜವ್ವ ಹೊರಗಿನಿಂದ ಹಾಲು ಇಳಿಸಲು ಎರಡು ಸಲ ಕೂಗಿದಳು. ಹಾಲು ಉಕ್ಕಿ ನೆಲಕ್ಕೆ ಹರಿಯಿತು. ಡಾಕ್ಟರಿಗೆ ತೋರಿಸೆಂದು ಆಕೆ ಹೇಳಿದಳು. ಎಂಜಿನ್ ಬಂದಾದ ಮೇಲೆ ಸ್ವಲ್ಪ ಹೊತ್ತು ಹಾಗಿರುತ್ತದೆ ಎಂದು ಅವನು ಮಾತು ತೇಲಿಸಿದ. ಡಾಕ್ಟರು ಚೀಟಿ ಬರೆದರೆ ಅದು ಕಂಟ್ರಾಕ್ಟರನ ಕೈಗೆ ಹೋಗುತ್ತದೆ ಎನ್ನುವುದೇ ಅವನ ಹೆದರಿಕೆಯಾಗಿತ್ತು. ಗಿರಿಜವ್ವ ಮತ್ತೆ ಆ ಮಾತು ಎತ್ತಲಿಲ್ಲ. ಅವನ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಮಾತಾಡುವುದನ್ನು ರೂಢಿಸಿಕೊಂಡಳು. ಅವಳ ತುಟಿಯನ್ನು ಅವನು ಓದುತ್ತಿದ್ದ. ಮಗಳು ನೇತ್ರಾ ಹುಟ್ಟಿ ಬೆಳೆದದ್ದೆಲ್ಲ ದಿವಾದಲ್ಲೇ. ಅವಳು ಹಿಂದಿಯಲ್ಲಿ ಬಡಬಡ ಮಾತಾಡಿ, ಅವನು ಉತ್ತರ ಕೊಡದಿದ್ದರೆ ಸಿಟ್ಟಾಗುತ್ತಿದ್ದಳು. ಕಿವಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ತನ್ನ ಮೇಲೆ ಲಕ್ಷ್ಯವಿಲ್ಲ ಎಂದೇ ಅವಳು ಎಷ್ಟೋ ವರ್ಷ ತಿಳಿದಿದ್ದಳು.

ಕೆಲಸದ ಜಾಗದಲ್ಲಿ ಮಾತ್ರ ಯಾರಿಗೂ ಸುಳಿವು ಸಿಗಲಿಲ್ಲ. ಎಂಜಿನ್ ಓಡುತ್ತಿರುವಾಗ ಯಾರು ತಾನೇ ಬಾಯಿಂದ ಕರೆಯುತ್ತಾರೆ? ವಾಚ್‌ಮನ್ ಕೈ ಬೀಸುತ್ತಿದ್ದ. ಕಂಟ್ರಾಕ್ಟರನ ಸೂಪರ್‌ವೈಸರ್ ರಾಜಶೇಖರ ಎದುರಿಗೆ ಬಂದು ನಿಂತು ಬೆರಳು ತೋರಿಸುತ್ತಿದ್ದ. ಕಾಡಪ್ಪ ಎಂಜಿನ್ನಿನ ಹದವನ್ನು ಅಂಗೈಯ ನಡುಕದಿಂದಲೇ ತಿಳಿಯುತ್ತಿದ್ದ. ಪೆಟ್ರೋಲಿಗೆ ಎಣ್ಣೆ ಕಡಿಮೆಯಾದರೆ, ಪ್ಲಗ್ ಕಪ್ಪಾದರೆ ಅವನ ಕೈ ಮೊದಲು ಹೇಳುತ್ತಿತ್ತು. ಬೇರೆ ಸೈಟಿನ ಮಷೀನುಗಳನ್ನೂ ರಾಜಶೇಖರ ಅವನ ಹತ್ತಿರ ತಂದು, ಹಿಡಿದು ನೋಡು ಅನ್ನುತ್ತಿದ್ದ.

ಹೋದ ವರ್ಷ ಸೊಸೈಟಿಯ ಮೀಟಿಂಗಿನಲ್ಲಿ ಸದ್ದಿನ ಮಾತು ಬಂತು. ಮೊದಲ ಮಹಡಿಯ ವನಮಾಲಾ ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು. ದಿನವೂ ಎರಡು ಗಂಟೆ ಆ ಸದ್ದು ಕೇಳಿ ತಲೆ ಸಿಡಿಯುತ್ತದೆ, ಹೊಗೆಗೆ ಕಿಟಕಿ ತೆಗೆಯಲಾಗುವುದಿಲ್ಲ ಎಂದು ಆಕೆ ಬರೆದುಕೊಟ್ಟಳು. ಇನ್ನೂ ಇಪ್ಪತ್ತು ಮನೆಯವರು ಸಹಿ ಹಾಕಿದರು. ಸೆಕ್ರೆಟರಿ ರಘುಪತಿ ಉಡುಪಿ ಕಡೆಯ ಸಾಧು ಮನುಷ್ಯ, ಯಾರಿಗೂ ಇಲ್ಲವೆನ್ನಲಾರ. ಮಳೆಗಾಲಕ್ಕೆ ಮೊದಲು ಎರಡು ಬ್ಯಾಟರಿ ಮಷೀನು ಬಂದವು. ಹಳೆಯವನ್ನು ಉಲ್ಹಾಸನಗರದ ವರ್ಕ್‌ಶಾಪಿನವನೊಬ್ಬ ಟೆಂಪೋದಲ್ಲಿ ಹೇರಿಕೊಂಡು ಹೋದ.

ಹೊಸ ಮಷೀನು ಹಗುರ. ಎಳೆಯುವ ಹಗ್ಗವಿಲ್ಲ, ಪೆಟ್ರೋಲಿನ ವಾಸನೆಯಿಲ್ಲ. ಕಂಪನಿಯವನು ಬಂದು ಅರ್ಧ ಗಂಟೆ ವಿವರಿಸಿದ. ಕಾಡಪ್ಪ ಎಲ್ಲಕ್ಕೂ ತಲೆಯಾಡಿಸಿದ. ಕಂಪನಿಯವನು ಹೋದ ಮೇಲೆ ಬಟನ್ ಒತ್ತಿ ನಿಂತ. ಅಂಗೈಗೆ ನಡುಕವೇ ಹತ್ತದೆ, ಮಷೀನು ಶುರುವಾಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬಗ್ಗಿ ನೋಡಿದರೆ ತುದಿಯ ನೈಲಾನ್ ದಾರ ಗಿರ್ರನೆ ತಿರುಗುತ್ತಿತ್ತು.

ಆ ದಿನದಿಂದ ಜನ ಅವನ ಜೊತೆ ಮಾತಾಡತೊಡಗಿದರು. ಅದನ್ನು ಅವನು ಎಣಿಸಿರಲಿಲ್ಲ. ವಾಕಿಂಗಿಗೆ ಬಂದವರು ಹಿಂದಿನಿಂದ ದಾರಿ ಕೇಳಿದರು, ಬಾಲ್ಕನಿಯಿಂದ ಯಾರೋ ದಾಸವಾಳ ಕತ್ತರಿಸಬೇಡ ಎಂದರು. ಅವನು ತಿರುಗಿಯೂ ನೋಡಲಿಲ್ಲ. ಕತ್ತರಿಸಬೇಡವೆಂದ ದಾಸವಾಳ ನೆಲಕ್ಕೆ ಬಿತ್ತು. ಕಾಡಪ್ಪನಿಗೆ ಸೊಕ್ಕು ಬಂದಿದೆ ಎಂಬ ದೂರು ವಾಟ್ಸಾಪ್ ಗ್ರೂಪಿನಲ್ಲಿ ಎರಡು ಸಲ ಬಂತು. ಅವನು ಇಡೀ ದಿನ ಕತ್ತು ಹೊರಳಿಸಿ ಹೊರಳಿಸಿ ಹಿಂದೆ ನೋಡುತ್ತ ಕೆಲಸ ಮಾಡುವುದನ್ನು ಕಲಿತ. ಮನೆಗೆ ಬಂದರೆ ಕುತ್ತಿಗೆ ನೋವಿಗೆ ಮಲಗಲಾಗುತ್ತಿರಲಿಲ್ಲ.

ಆಗಸ್ಟಿನಲ್ಲಿ ಎರಡು ದಿನ ಮಳೆ ಬಿಟ್ಟಿತು. ಹುಲ್ಲು ಮೊಣಕಾಲಿಗೆ ಬಂದಿತ್ತು. ವನಮಾಲಾಳ ತಂದೆ ಕಲ್ಲು ಬೆಂಚಿನಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಕಾಡಪ್ಪ ಎತ್ತರದ ಹುಲ್ಲಿನ ಮೇಲೇ ಕಣ್ಣಿಟ್ಟು ಕತ್ತರಿಸುತ್ತ ಬೆನ್ನು ಹಾಕಿಕೊಂಡು ಹಿಂದೆ ಹಿಂದೆ ಸರಿದು ಬೆಂಚಿನ ಹತ್ತಿರ ಬಂದ. ವನಮಾಲಾ ಬಾಲ್ಕನಿಯಿಂದ ನಿಲ್ಲಿಸೆಂದು ಮೂರು ಸಲ ಕೂಗಿದಳು. ಹುಲ್ಲಿನೊಳಗಿದ್ದ ಜಲ್ಲಿಕಲ್ಲೊಂದು ದಾರಕ್ಕೆ ಸಿಕ್ಕಿ ಅವನ ಮಗ್ಗುಲಿಂದ ಹಿಂದಕ್ಕೆ ಹಾರಿ ಮುದುಕರ ಹುಬ್ಬಿನ ಮೇಲೆ ಬಡಿಯಿತು. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಗಲೂ ಕಾಡಪ್ಪ ಕತ್ತರಿಸುತ್ತಲೇ ಇದ್ದ. ವಾಚ್‌ಮನ್ ಓಡಿ ಬಂದು ಅವನ ಭುಜ ಹಿಡಿದು ಎಳೆದಾಗಲೇ ಅವನು ತಿರುಗಿದ್ದು. ಮುದುಕರ ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ನಾಲ್ಕು ಹೊಲಿಗೆ ಬಿದ್ದವು. ಕಣ್ಣು ಉಳಿಯಿತು.

ಮರುದಿನ ರಾಜಶೇಖರ ಬಂದ. ಅವನು ನೇರ ಎದುರಿಗೆ ಬರಲಿಲ್ಲ. ಕಾಡಪ್ಪ ಪಂಪ್ ರೂಮಿನ ಮುಂದೆ ಮಷೀನು ಒರೆಸುತ್ತಿದ್ದ. ಹತ್ತು ಹೆಜ್ಜೆ ಹಿಂದೆ ನಿಂತು ರಾಜಶೇಖರ ಹೆಸರು ಹಿಡಿದು ಕರೆದ. ಇನ್ನೂ ಹತ್ತಿರ ಬಂದು ಕರೆದ. ಕೊನೆಗೆ ಬೆನ್ನಿನ ಹಿಂದೆಯೇ ನಿಂತು ಗಟ್ಟಿಯಾಗಿ ಕರೆದ. ಕಾಡಪ್ಪ ಬಟ್ಟೆಯನ್ನು ಮಡಚಿ, ಇನ್ನೊಂದು ಮಗ್ಗುಲು ಒರೆಸತೊಡಗಿದ. ಆಫೀಸಿನ ಬಾಗಿಲಲ್ಲಿ ನಿಂತಿದ್ದ ರಘುಪತಿ ಅದನ್ನು ನೋಡಲಾರದೆ ಒಳಗೆ ಹೋದ.

ಆಮೇಲೆ ರಾಜಶೇಖರ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ಎಷ್ಟು ವರ್ಸ ಆತು ಕಾಡಪ್ಪ?"

ಕಾಡಪ್ಪ ಅವನ ತುಟಿ ನೋಡಿದ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಆರೇಳು ಆಗಿರಬೇಕ್ರಿ," ಎಂದ. "ಹಳೇ ಮಷೀನ ಇದ್ದಾಗ ಏನೂ ತೊಂದರಿ ಇರಲಿಲ್ರಿ."

ಸೊಸೈಟಿ ಆಫೀಸಿನಲ್ಲಿ ವನಮಾಲಾ ಕೂತಿದ್ದಳು. ಅವಳು ಸಿಟ್ಟಿನಲ್ಲೇ ಬಂದವಳು. ರಘುಪತಿ ವಿಷಯ ಹೇಳಿದ. "ಇವರಿಗೆ ಕಿವಿ ಕೇಳುದಿಲ್ಲ ಅಂತೆ, ಮೇಡಂ. ಆ ಎಂಜಿನಿಂದ ಆದದ್ದು." ಅವಳು ಕಾಡಪ್ಪನ ಕಡೆ ತಿರುಗಿ, ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು. ಅವಳ ತುಟಿಯನ್ನು ಓದುವ ಅಭ್ಯಾಸ ಅವನಿಗಿರಲಿಲ್ಲ. ಬೈದಳೆಂದೇ ತಿಳಿದ. ಕೈಮುಗಿದು, ನಿಮ್ಮ ತಂದೆಯವರ ಕಣ್ಣಿಗೆ ಏನಾದರೂ ಆಗಿದ್ದರೆ ನಾನು ಬದುಕುತ್ತಿರಲಿಲ್ಲ ಎಂದ. ಅದು ಇಡೀ ಆಫೀಸಿಗೆ ಕೇಳುವಷ್ಟು ಜೋರಾಗಿತ್ತು. ವನಮಾಲಾ ಎದ್ದು ಹೊರಗೆ ಹೋದಳು.

ಕಂಟ್ರಾಕ್ಟರ್ ಅವನನ್ನು ಮಷೀನಿನ ಕೆಲಸದಿಂದ ತೆಗೆದ. ಕಾಡಪ್ಪ ಒಂದು ತಿಂಗಳು ಎಲೆ ಗುಡಿಸಿದ. ಗೇಟಿನ ಹತ್ತಿರ ರಿವರ್ಸ್ ಬರುತ್ತಿದ್ದ ಕಾರಿನ ಹಾರ್ನು ಕೇಳದೆ ಅದಕ್ಕೆ ತಾಗಿ ಬಿದ್ದಾಗ, ಬೇಲಾಪುರದ ಕೆಲಸವೇ ಮುಗಿಯಿತು. ರಾಜಶೇಖರ ಶೀಳ್ ಫಾಟಾ ಎಂಬ ಕೂಡುರಸ್ತೆಯ ಹತ್ತಿರದ ಸಸಿಗಳ ನರ್ಸರಿಯೊಂದರಲ್ಲಿ ಹೇಳಿ ಕೆಲಸ ಕೊಡಿಸಿದ. ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಅಲ್ಲಿ ಯಾರೂ ಅವನನ್ನು ಕರೆಯಬೇಕಾಗಿಲ್ಲ.

ನೇತ್ರಾ ಅವನನ್ನು ಕಲ್ಯಾಣದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಳು. ಹೋದದ್ದು ಮರಳುವುದಿಲ್ಲ, ಮೊದಲೇ ಬಂದಿದ್ದರೆ ಉಳಿದಷ್ಟನ್ನು ಕಾಯಬಹುದಿತ್ತು ಎಂದರು ಡಾಕ್ಟರು. ಕಿವಿಗೆ ಯಂತ್ರ ಹಾಕಿ ಕೂರಿಸಿದರು. ಮರಳುವ ಲೋಕಲ್ಲಿನಲ್ಲಿ ಹಳಿ, ಫ್ಯಾನು, ಜನ ಎಲ್ಲ ಒಂದಾಗಿ ತಲೆಯೊಳಗೆ ನುಗ್ಗಿತು. ಕೋಪರ್ ಸ್ಟೇಷನ್ ದಾಟುವುದರೊಳಗೆ ಅವನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ನೇತ್ರಾ ಇಷ್ಟು ವರ್ಷ ಸಿಟ್ಟು ಮಾಡಿದ್ದು ನೆನೆದು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆ ಸದ್ದು ಅವನಿಗೆ ಹೇಗೂ ಕೇಳುವಂತಿರಲಿಲ್ಲ.

ಅಂದಿನಿಂದ ಅವಳು ತಾಯಿಯ ಹಾಗೆ ಅಪ್ಪನ ಮುಖದ ಮುಂದೆ ಕೂತು, ತನಗೆ ಬರುವಷ್ಟು ಕನ್ನಡದಲ್ಲಿ ನಿಧಾನವಾಗಿ ಮಾತಾಡಲು ನೋಡುತ್ತಾಳೆ. "ಪಪ್ಪಾ, ಇವತ್ತು ನರ್ಸರಿದಾಗ ಏನ ಮಾಡಿದಿ?" ಅವಳ ಕನ್ನಡದ ತುಟಿಗಳು ಗಿರಿಜವ್ವನ ತುಟಿಗಳ ಹಾಗೆ ತಿರುಗುವುದಿಲ್ಲ. ಕಾಡಪ್ಪನಿಗೆ ಅರ್ಧವೂ ಹತ್ತುವುದಿಲ್ಲ. ತಾನು ಮಾತಾಡಿದರೆ ಜೋರಾಗುತ್ತದೆ, ಪಕ್ಕದ ಖೋಲಿಯವರು ಗೋಡೆ ಬಡಿಯುತ್ತಾರೆ ಎಂಬ ಸಂಕೋಚ ಬೇರೆ. ಅವನು ಮಗಳ ಮುಖವನ್ನೇ ನೋಡುತ್ತ, ಅವಳು ಮುಗಿಸಿದಳು ಅನ್ನಿಸಿದಾಗ ತಲೆಯಾಡಿಸುತ್ತಾನೆ.